ಹಾಟ್‌ಸ್ಪಾಟ್ ಡಬ್ಬಿಗೆ ಕೇಬಲ್ ಚುಚ್ಚಿ ಮೂರು ರಾತ್ರಿ

ನೆಟ್ ಬಂತು! ಮೂರನೇ ರಾತ್ರಿ, ಒಂದೂವರೆ ಗಂಟೆಗೆ. ಸಿಮ್ ಮೇಜಿನ ಮೇಲಿದೆ, ಸಿಮ್ಮಿನ ನೆಟ್ ಹಂಚುತ್ತಿದ್ದ ಹಳೇ ಮೊಬೈಲ್ ಹಾಟ್‌ಸ್ಪಾಟ್ ರೂಟರ್ ಈಗ ಬರೀ ಕೇಬಲ್ ನೆಟ್ಟನ್ನೇ ವೈಫೈ ಮಾಡಿ ಹಂಚುತ್ತಿದೆ.

ಕೇಬಲ್ ಪೋರ್ಟನ್ನು ವ್ಯಾನ್ ಮೋಡ್‌ಗೆ (ಹೊರಗಿನ ನೆಟ್ ಒಳಗೆ ತರೋದು) ಹಾಕೋದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಆದರೆ ಮಾರುವವರೇ, ಡಬ್ಬಿ ಮೇಲೆ ‘ಈಥರ್ನೆಟ್ ಪೋರ್ಟ್ ಇದೆ’ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಮೇಲೆ ಅದು ಲ್ಯಾನೋ (ಮನೆಯೊಳಗಿನ ಸಾಧನಗಳಿಗೆ) ವ್ಯಾನೋ ಅಂತಾನೂ ಒಂದು ಪದ ಸೇರಿಸಬಹುದಿತ್ತಲ್ವಾ? ಕೈಪಿಡಿಯಲ್ಲಿ ಇದ್ದದ್ದು ‘ಬ್ಯಾಟರಿಯನ್ನು ಬೆಂಕಿಗೆ ಹಾಕಬೇಡಿ’ ಅನ್ನೋದೊಂದೇ. ಎರಡನೇ ರಾತ್ರಿ ಹೊತ್ತಿಗೆ ಅದನ್ನೇ ಮಾಡೋಣ ಅನ್ನಿಸಿತ್ತು.

ಯಾಕಂದ್ರೆ ಎಲ್ಲ ಸರಿ ಇತ್ತು, ನೆಟ್ ಮಾತ್ರ ಇಲ್ಲ. ಪೋರ್ಟಿನ ಹಸಿರು ದೀಪ ಮಿಣುಕುತ್ತಿದೆ. ವ್ಯಾನ್ ಪುಟದಲ್ಲಿ 192.168.1.7 ಅಂತ ಐಪಿ, ಅಂದ್ರೆ ನೆಟ್‌ವರ್ಕ್ ವಿಳಾಸ, ಬಂದಿದೆ. ಲ್ಯಾಪ್‌ಟಾಪಿನಿಂದ ಕೇಬಲ್‌ನ ಆ ತುದಿಯ ಮೋಡೆಮ್‌ನ 192.168.1.1ಕ್ಕೆ ಪಿಂಗ್ ಹೊಡೆದರೆ (‘ಇದ್ದೀಯಾ?’ ಅಂತ ಕೇಳಿದರೆ) ತಕ್ಷಣ ಉತ್ತರ. ಹಾಗಾಗಿ ಮೋಡೆಮ್ ತನಕ ದಾರಿ ಸರಿ ಇದೆ ಅಂತ ನಂಬಿ, ಎರಡು ಕೇಬಲ್ ಬದಲಿಸಿದೆ, ಡಿಎನ್ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋದು) ಬದಲಿಸಿದೆ, ಮ್ಯಾಕ್ ವಿಳಾಸವನ್ನೂ (ಸಾಧನದ ಹಾರ್ಡ್‌ವೇರ್ ಗುರುತು) ನಕಲು ಮಾಡಿದೆ, ಪಾಪದ ಡಬ್ಬಿಯನ್ನು ನಾಲ್ಕು ಸಲ ರೀಸೆಟ್ ಮಾಡಿದೆ.

ಕೊನೆಗೆ ಸುಮ್ನೆ ಆ 192.168.1.1 ಅನ್ನು ಬ್ರೌಸರ್‌ನಲ್ಲಿ ತೆರೆದೆ. ಮೋಡೆಮ್ ಪುಟ ಬರಬೇಕಿತ್ತು, ಬಂದದ್ದು ಬ್ಯಾಟರಿ ಚಿತ್ರ, 83%. ಮೋಡೆಮ್‌ಗೆಲ್ಲಿಯ ಬ್ಯಾಟರಿ! ಇಷ್ಟು ಹೊತ್ತು ಉತ್ತರ ಕೊಡುತ್ತಿದ್ದದ್ದು ಹಾಟ್‌ಸ್ಪಾಟೇ. ಇಬ್ಬರದೂ ಒಂದೇ ವಿಳಾಸ. ಹಾಟ್‌ಸ್ಪಾಟ್ ಹೊರಗೆ ಹೋಗಬೇಕಾದ ಪ್ಯಾಕೆಟ್ಟನ್ನು (ಡೇಟಾದ ತುಣುಕು) ಗೇಟ್‌ವೇಗೆ, ಅಂದ್ರೆ ಹೊರಬಾಗಿಲಾದ ಮೋಡೆಮ್‌ಗೆ, ಕೊಡಲು ಹೋದರೆ ಆ ಗೇಟ್‌ವೇ ವಿಳಾಸ ತನ್ನದೇ. ತನ್ನ ಮನೆ ಬಾಗಿಲು ತಾನೇ ತಟ್ಟಿ ‘ಯಾರು?’ ಅಂತ ಕೇಳಿದ ಹಾಗೆ. ಕೆಲವು ರೂಟರ್‌ಗಳು ಇಂಥ ಜಗಳ ಕಂಡರೆ ತಾವೇ ವಿಳಾಸ ಬದಲಿಸಿಕೊಳ್ಳುತ್ತವೆ, ಇದಕ್ಕೆ ಅಷ್ಟು ಬುದ್ಧಿ ಇಲ್ಲ.

ಹಾಟ್‌ಸ್ಪಾಟಿನ ಲ್ಯಾನ್ ವಿಳಾಸ 192.168.50.1 ಮಾಡಿದೆ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚೋದು) ರೇಂಜನ್ನೂ ಅದಕ್ಕೆ ಹೊಂದಿಸಿದೆ, ರೀಸ್ಟಾರ್ಟ್. ಹತ್ತು ಸೆಕೆಂಡಿನ ಕೆಲಸ.

ವೇಗ 94 ಎಂಬಿಪಿಎಸ್‌ಗೆ ನಿಂತಿದೆ. ಪೋರ್ಟೇ 100ರದು, ಅದಕ್ಕಿಂತ ಜಾಸ್ತಿ ಕೇಳೋದು ತಪ್ಪು. ಡಬಲ್ ನ್ಯಾಟ್ (ಮೋಡೆಮ್, ಹಾಟ್‌ಸ್ಪಾಟ್ ಎರಡೂ ಸೇರಿ ಎರಡು ಸಲ ವಿಳಾಸ ಬದಲಿಸೋದು) ಆಗಿದೆ, ಗೊತ್ತು, ಬೈಬೇಡಿ. ಅದು ಕಾಡೋದು ಆನ್‌ಲೈನ್ ಗೇಮಿನಂಥದ್ದಕ್ಕೆ, ಗೇಮ್ ಆಡೋನಲ್ಲ ನಾನು.

ಮುಂದಿನದು: ಕೇಬಲ್ ಸತ್ತಾಗ ತಾನಾಗೇ ಸಿಮ್‌ಗೆ ಹಾರುವ ಹಾಗೆ ಮಾಡಬೇಕು. ಇದರ ಫರ್ಮ್‌ವೇರ್‌ನಲ್ಲಿ (ಒಳಗಿನ ಸಾಫ್ಟ್‌ವೇರ್) ಆಗಲ್ಲ, ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಇನ್ನೊಂದು ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆ ಹಾಕುವ ಮುಕ್ತ ಫರ್ಮ್‌ವೇರ್) ಹಾಕಿ ನೋಡುತ್ತೇನೆ. ಅದಕ್ಕೂ ಮೊದಲು ಈ ಬ್ಯಾಟರಿ. ದಿನದ ಇಪ್ಪತ್ತನಾಲ್ಕು ಗಂಟೆಯೂ ಚಾರ್ಜರ್‌ನಲ್ಲೇ ಇದ್ದರೆ ಉಬ್ಬಬಹುದು ಅಂತ ತೆಗೆದು ನೋಡಿದೆ. ಬ್ಯಾಟರಿ ಇಲ್ಲದೆ ಡಬ್ಬಿ ಆನೇ ಆಗುತ್ತಿಲ್ಲ.