ಲೋಪ ಕಂಡರೆ ಊರಿಗೆಲ್ಲ ಸಾರಬೇಕಾ?

ಸಿಸಿಟಿವಿ, ವೈಫೈ ಕೂರಿಸೋ ಕೆಲಸ ನನ್ನದು. ಮಂಡ್ಯ, ಮದ್ದೂರು ನಡುವೆ ದಿನವೂ ಓಡಾಟ. ಗೊತ್ತಿರೋರೆಲ್ಲ ಕೇಳ್ತಾರೆ: ನೆಟ್‌ವರ್ಕ್‌ನಲ್ಲಿ ಲೋಪ ಕಂಡರೆ ಬಹಿರಂಗವಾಗಿ ಹೇಳಿಬಿಡೋದಾ? ಕಳ್ಳರಿಗೆ ದಾರಿ ತೋರಿಸಿದಂಗಾಗಲ್ವಾ?

ಹೇಳಲೇಬೇಕು. ಯಾರಿಗೆ ಮೊದಲು ಅನ್ನೋದಷ್ಟೇ ಮಾತು.

ಹೋದ ವರ್ಷ ಒಂದು ಆಲೆಮನೆಗೆ ಕ್ಯಾಮೆರಾ ರಿಪೇರಿಗೆ ಹೋಗಿದ್ದೆ. ಕ್ಯಾಮೆರಾ ದೃಶ್ಯ ದಾಖಲಿಸೋ ಡಿವಿಆರ್ ಪೆಟ್ಟಿಗೆ ಮೇಲೆಲ್ಲ ಬೆಲ್ಲದ ಜಿಗುಟು, ಅದಕ್ಕಂಟಿದ ಬೂದಿ. ತಿರುಗಿಸಿ ನೋಡಿದರೆ ತಳದ ಸ್ಟಿಕ್ಕರ್ ಮೇಲಿನ ಪಾಸ್‌ವರ್ಡೇ ಇನ್ನೂ ನಡೀತಿತ್ತು. ಸಾಲದ್ದಕ್ಕೆ, ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರ್ ಟೆಲ್ನೆಟ್‌ನ (ದೂರದಿಂದಲೇ ಯಂತ್ರದೊಳಕ್ಕೆ ಹೋಗಿ ಆಜ್ಞೆ ಕೊಡೋ ಹಳೇ ವಿಧಾನ) 23ನೇ ಪೋರ್ಟನ್ನ, ಅಂದರೆ ಅದರ ಬಾಗಿಲನ್ನ, ಹೊರಗಿನವರಿಗೆ ತೆರೆದಿಟ್ಟಿತ್ತು. ಯಜಮಾನರಿಗೆ ಹೇಳಿದೆ. "ಕ್ಯಾಮೆರಾ ಓಡ್ತಾ ಅದಲ್ಲ ಬುಡಪ್ಪ. ನನ್ ಬೆಲ್ಲ ನೋಡ್ಕಂಡು ಯಾರೇನ್ ಮಾಡಾರು?" ಅಂದರು.

ತೊಡಕಿರೋದೇ ಇಲ್ಲಿ. ಏಟು ಬೀಳೋದು ಇನ್ಯಾರಿಗೋ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ (ಕೇಡು ಮಾಡೋ ಸಾಫ್ಟ್‌ವೇರ್) ಇಂಥದೇ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ 60ರಷ್ಟು ಫ್ಯಾಕ್ಟರಿ ಪಾಸ್‌ವರ್ಡ್ ಹಾಕಿ ನೋಡಿ ಒಳಹೊಕ್ಕಿತ್ತು. ಅಕ್ಟೋಬರ್ 21ರಂದು ಹಾಗೆ ವಶವಾದ ಯಂತ್ರಗಳು ಅಮೆರಿಕದ ಡೈನ್ ಕಂಪನಿಯ ಡಿಎನ್‌ಎಸ್ (ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡೋ ವ್ಯವಸ್ಥೆ) ಮೇಲೆ ಮುಗಿಬಿದ್ದವು. ಎಷ್ಟೋ ಜನಕ್ಕೆ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯಲೇ ಇಲ್ಲ. ಕ್ಯಾಮೆರಾ ಇಟ್ಟುಕೊಂಡವರಿಗೆ ಬಿಸಿ ತಟ್ಟಲಿಲ್ಲ. ಬಿಸಿಯೇ ತಟ್ಟದವರ ಕಿವೀಲಿ ಗುಟ್ಟಾಗಿ ಹೇಳಿ ಕೂತರೆ ಏನಾದೀತು?

ಹಂಗಂತ ಕಂಡ ದಿನವೇ ಡಂಗುರ ಹೊಡೆಯೋದೂ ತರವಲ್ಲ. 2008ರಲ್ಲಿ ಡಿಎನ್‌ಎಸ್‌ನ ದೊಡ್ಡ ಲೋಪ ಕಂಡ ಭದ್ರತಾ ಸಂಶೋಧಕ ಡ್ಯಾನ್ ಕಾಮಿನ್ಸ್ಕಿ, ಸಾಫ್ಟ್‌ವೇರ್ ಮಾಡುವವರಿಗೆ ಮೊದಲು ತಿಳಿಸಿ, ಜುಲೈನಲ್ಲಿ ಒಟ್ಟಿಗೇ ಪ್ಯಾಚ್ (ಲೋಪ ಮುಚ್ಚೋ ತೇಪೆ) ಬರೋ ಹಾಗೆ ನೋಡಿಕೊಂಡರು. (ವಿವರ ಎರಡೇ ವಾರದೊಳಗೆ ಸೋರಿತು, ಅದು ಬೇರೆ ಕಥೆ.) ಲೋಪ ಹುಡುಕೋ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ, ಬಹಿರಂಗ ಮಾಡೋಕೆ ಮುಂಚೆ ಸರಿಪಡಿಸಲು ಸಾಮಾನ್ಯವಾಗಿ 90 ದಿನದ ಗಡುವು ಕೊಡುತ್ತೆ.

ನಾನೂ ಅದೇ ಲೆಕ್ಕ ಹಿಡಿದೆ. ಆಲೆಮನೆಯ ಪಾಸ್‌ವರ್ಡ್ ಬದಲಿಸಿ ಬಂದು, ರೂಟರ್ ಕೊಟ್ಟ ಕಂಪನಿಗೆ ಬರೆದೆ. "ನಿಮ್ಮ ದೂರು ಬಗೆಹರಿದಿದೆ" ಅಂತ ಎಸ್ಸೆಮ್ಮೆಸ್ ಬಂತು. ಪೋರ್ಟ್ ತೆರೆದೇ ಇತ್ತು. ಸೈಬರ್ ಭದ್ರತೆ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೂ ಕಳಿಸಿದೆ. ಪಕ್ಕದ ಆಲೆಮನೆಗಳ ಡಿವಿಆರ್‌ಗೆ ಪಾಸ್‌ವರ್ಡ್ ಹಾಕಿ ನೋಡೋ ಚಪಲಕ್ಕೆ ಮಾತ್ರ ಹೋಗಲಿಲ್ಲ. ಅನುಮತಿಯಿಲ್ಲದೆ ಒಳಹೋದರೆ ಐಟಿ ಕಾಯ್ದೆಯ 43ನೇ ಸೆಕ್ಷನ್, ದುರುದ್ದೇಶ ಅಂತ ಹಿಡಿದರೆ 66. ಮೂರು ವರ್ಷದವರೆಗೆ ಜೈಲು.

90 ದಿನ ಕಾದು ಎಲ್ಲರಿಗೂ ಕಾಣೋ ಹಾಗೆ ಇಂಟರ್‌ನೆಟ್‌ನಲ್ಲಿ ಬರೆದು ಹಾಕಿದೆ: ರೂಟರ್‌ನ ಮಾದರಿ, ಲೋಪ, ಮುಚ್ಚೋ ಬಗೆ. ಊರು, ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಆ ರೂಟರ್‌ನ ಗುರುತಿನ ಸಂಖ್ಯೆ) ಯಾವುದೂ ಇಲ್ಲ.

ವಾರದೊಳಗೆ ಕಂಪನಿಯಿಂದ ಫೋನು. "ಯಾರನ್ನ ಕೇಳಿ ಬರೆದ್ರಿ ಸರ್?" ಅಂತ ಶುರುಮಾಡಿ ಹತ್ತು ನಿಮಿಷ ಬೈದರು. ಮಾರನೇ ದಿನ ಆಲೆಮನೆಗೆ ಹೋಗಿ ನೋಡಿದರೆ 23ನೇ ಪೋರ್ಟ್ ಮುಚ್ಚಿತ್ತು.