ಎತ್ತರಿಸಿದ್ದ ಸ್ವಿಫ್ಟ್ ಕೆಳಗಿಳಿಸುವ ಕೆಲಸ: ಸ್ಪ್ರಿಂಗ್, ಟೈರ್ ಬದಲಿಸಿದ್ದಾಯಿತು

ಬಳ್ಳಾರಿಯಲ್ಲಿ ಕಾರು ಎತ್ತರಿಸುವವರೇ ಜಾಸ್ತಿ. ಅದಿರು ಲಾರಿ ಓಡಿ ಕಿತ್ತುಹೋದ ರಸ್ತೆ, ಹಳ್ಳಿ ಕಡೆ ಹೋದರೆ ಎರೆಮಣ್ಣಿನ ಬಂಡಿದಾರಿ. ತಳ ತಾಗುತ್ತೆ ಅಂತ ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿಸಿ, ಒಂದು ಸೈಜ್ ದೊಡ್ಡ ಟೈರ್ ಹಾಕಿಸಿಬಿಡುತ್ತಾರೆ. ಸಿರುಗುಪ್ಪ ಕಡೆಯವರಿಂದ ನಾನು ತಗೊಂಡ 2012ರ ಸ್ವಿಫ್ಟ್ ಝಡ್‌ಎಕ್ಸ್‌ಐ ಕೂಡ ಹಾಗೇ ಇತ್ತು. ಹಂಪು (ಸ್ಪೀಡ್ ಬ್ರೇಕರ್) ದಾಟಿದಾಗೆಲ್ಲ ಹಿಂದೆ ಟಕ್ ಅನ್ನುತ್ತಿತ್ತು, ತಿರುವಿನಲ್ಲಿ ಮೈ ವಾಲುತ್ತಿತ್ತು.

ಎಷ್ಟು ಇಳಿಸಬೇಕು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಂಡೆ. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರ, 170 ಮಿಮೀ. ಅಲ್ಲಿಗೆ ನಿಲ್ಲಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ರಸ್ತೆಯ ಲೆಕ್ಕವೂ ಇದೆ. ನಿಯಮದ ಪ್ರಕಾರ ಹಂಪು 10 ಸೆಂಮೀ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಓಣಿಗಳಲ್ಲಿ ಅಗಲ ಎಲ್ಲಿದೆ? ಗೋಡೆ ಕಟ್ಟಿದ ಹಾಗೆ ನಿಲ್ಲಿಸಿರುತ್ತಾರೆ.

ಅಳತೆಗೆ ಎರಡು ಜಾಗ ಹಿಡಿದೆ. ನೆಲದಿಂದ ಫೆಂಡರ್ (ಚಕ್ರದ ಮೇಲಿನ ಮೈತಗಡು) ಅಂಚಿಗೆ ಒಂದು, ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿಗೆ ಇನ್ನೊಂದು. ಎರಡನೆಯದಕ್ಕೆ ಟೈರಿನ ಲೆಕ್ಕ ಬರುವುದಿಲ್ಲ. ಹಾಗಾಗಿ ಸ್ಪ್ರಿಂಗ್ ಏನು ಮಾಡಿದೆ, ಟೈರ್ ಏನು ಮಾಡಿದೆ ಅಂತ ಬೇರೆಬೇರೆಯಾಗಿ ಗೊತ್ತಾಗುತ್ತದೆ. ಚಕ್ರದ ನಡುವಿನಿಂದ ಮುಂದೆ 388 ಮಿಮೀ, ಹಿಂದೆ 405 ಮಿಮೀ ಇತ್ತು.

ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ, "ಅಣ್ಣಾ, ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿದ್ರೆ ಮುಗೀತು, ಅರ್ಧ ಗಂಟೆ ಕೆಲಸ" ಅಂದ ಹುಡುಗ. ಬೇಡ ಅಂದೆ. ಕತ್ತರಿಸಿದ ತುದಿ ತನ್ನ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾರಬಹುದು. ಗ್ಯಾಸ್ ಕಟರ್ ಇಟ್ಟರೆ ಆ ಶಾಖಕ್ಕೆ ಉಕ್ಕಿನ ಹದ ಹೋಗುತ್ತದೆ. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ ಕೂಡ. ಬಫರ್ ಮಾಡುವುದೂ ಇದನ್ನೇ. ಅದು ಎರಡು ಸುತ್ತುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ಕೆಲಸ ಮಾಡುವ ಸುತ್ತು ಕಮ್ಮಿಯಾಗುತ್ತದೆ. ಮೈ ಮೇಲೆದ್ದಿರುವುದರಿಂದ ಶಾಕಪ್ಸರ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಕೂಡ ಯಾವಾಗಲೂ ಎಳೆದುಕೊಂಡೇ ಇರುತ್ತದೆ. ಚಕ್ರ ತಗ್ಗಿಗೆ ಇಳಿಯಲು ಜಾಗ ಉಳಿಯುವುದಿಲ್ಲ. ನನ್ನ ಗಾಡಿಯ ಟಕ್ ಸದ್ದು ಅದೇ.

ಮುಂದಿನ ಬಫರ್‌ಗಳು ಜಾಕ್ ಎತ್ತಿ ಚಕ್ರ ಬಿಚ್ಚಿದ ಮೇಲೆ ತಿರುಗಿಸಿ ಎಳೆದರೆ ಬಂದವು. ಹಿಂದಿನದು ನಿಜವಾದ ಕೆಲಸ. ಸ್ವಿಫ್ಟ್‌ನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕಪ್ಸರ್ ಬೇರೆ. ಮೈಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಕೆಳಗೆ ಜಾಕ್ ಕೊಟ್ಟು, ಎರಡೂ ಶಾಕಪ್ಸರ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ ನಿಧಾನಕ್ಕೆ ಇಳಿಸಬೇಕು. ಬ್ರೇಕ್ ಹೋಸ್ ಎಳೆಯದ ಹಾಗೆ ಕಣ್ಣಿಟ್ಟಿರಬೇಕು. ಆಮೇಲೆ ಸ್ಪ್ರಿಂಗ್ ಕೈಗೇ ಬರುತ್ತದೆ.

ಬಫರ್ ಕಿತ್ತಾಗ ಒಳಗೆ ಅದಿರಿನ ಕೆಂಪು ಧೂಳು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತಿತ್ತು. ಅದರ ಕೆಳಗೆ ಪೇಂಟ್ ಪೂರ್ತಿ ಸವೆದು, ತಂತಿಯ ಸುತ್ತ ಬಳೆ ತೊಡಿಸಿದ ಹಾಗೆ ತುಕ್ಕು. ಧೂಳು ಉಜ್ಜುಕಾಗದದ ಕೆಲಸ ಮಾಡಿದೆ, ಮಳೆನೀರು ಅಲ್ಲೇ ನಿಂತಿದೆ. ಸ್ಪ್ರಿಂಗ್ ತುಂಡಾಗುವುದು ಇಂಥ ಜಾಗದಲ್ಲೇ. ಹಿಂದಿನ ಎರಡನ್ನೂ ಜೋಡಿಯಾಗಿ ಕಂಪನಿ ಸ್ಪ್ರಿಂಗ್‌ಗೇ ಬದಲಿಸಿದೆ. ಬಫರ್ ಹಾಕಿಸಿರುವವರು ಒಮ್ಮೆ ಬಿಚ್ಚಿಸಿ ನೋಡಿ, ದಯವಿಟ್ಟು.

ಜೋಡಿಸುವಾಗ ಒಂದು ವಿಷಯಕ್ಕೆ ಹಟ ಹಿಡಿದೆ. ಶಾಕಪ್ಸರ್‌ನ ಕೆಳಗಿನ ಬೋಲ್ಟನ್ನು ಗಾಳಿಯಲ್ಲಿ ಜೋತಿರುವಾಗ ಪೂರ್ತಿ ಬಿಗಿಯಬಾರದು. ಬರೀ ಹಿಡಿಸಿ, ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಹಿಂದೆ ಮುಂದೆ ಉರುಳಿಸಿ, ಡಿಕ್ಕಿ ಮೇಲೆ ಒತ್ತಿ ಕುಣಿಸಿ, ಆಮೇಲೆ ಪಾನಾ ಹಾಕಬೇಕು. ಇಲ್ಲದಿದ್ದರೆ ಒಳಗಿನ ರಬ್ಬರ್ ಬುಶ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಗ್ಯಾರೇಜಿನಲ್ಲಿ ಅವಸರ ಇರುತ್ತದೆ, ಅದಕ್ಕೇ ಪಕ್ಕದಲ್ಲೇ ನಿಂತು ಮಾಡಿಸಿದೆ.

ಟೈರ್ ವಿಚಾರ. ಮೊದಲಿದ್ದದ್ದು 195/65 ಆರ್15, ಟೈರಿನ ಒಟ್ಟು ವ್ಯಾಸ 634.5 ಮಿಮೀ. ಈಗ ಹಾಕಿಸಿದ್ದು ಕಂಪನಿ ಸೈಜಿನ 185/65 ಆರ್15, 621.5 ಮಿಮೀ. ವ್ಯತ್ಯಾಸ 13 ಮಿಮೀ, ಅದರಲ್ಲಿ ಅರ್ಧ ಮಾತ್ರ ಎತ್ತರಕ್ಕೆ ಸಿಗುತ್ತದೆ. ಆರೂವರೆ ಮಿಮೀ ಅಷ್ಟೇ. ಆದರೆ ಸ್ಪ್ರಿಂಗ್ ಇಳಿಸಿದರೆ ಮೈ ಮಾತ್ರ ಇಳಿಯುತ್ತದೆ, ಟೈರ್ ಇಳಿಸಿದರೆ ಆಕ್ಸಲ್ ಸಮೇತ ಎಲ್ಲವೂ ಇಳಿಯುತ್ತದೆ. ಸ್ಪೀಡೋಮೀಟರ್ ಕೂಡ ಈಗ ಸರಿದಾರಿಗೆ ಬಂತು, ದೊಡ್ಡ ಟೈರ್ ಇದ್ದಾಗ ಶೇ 2ರಷ್ಟು ಕಮ್ಮಿ ತೋರಿಸುತ್ತಿತ್ತು. ನೋಟಕ್ಕೆ 60 ಪ್ರೊಫೈಲ್, ಅಂದರೆ ಪಕ್ಕದ ಗೋಡೆ ಇನ್ನೂ ಗಿಡ್ಡ ಇರುವ 185/60 ಟೈರ್ ಹಾಕಿಸು ಅಂದರು ಗೆಳೆಯರು. ಆ ಸೈಜಿನ ಟೈರ್ 84 ಲೋಡ್ ಇಂಡೆಕ್ಸ್‌ನದ್ದು (ಟೈರ್ ಹೊರುವ ಭಾರದ ಸಂಕೇತ), ಅಂದರೆ ಒಂದು ಟೈರಿಗೆ 500 ಕೆಜಿ. ನನ್ನದು 88, ಅಂದರೆ 560 ಕೆಜಿ. ಐದು ಜನ ಹತ್ತುವ ಗಾಡಿಗೆ ಅದನ್ನು ಕಮ್ಮಿ ಮಾಡಲು ಮನಸ್ಸಾಗಲಿಲ್ಲ.

ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಈಗ ಮುಂದೆ 366 ಮಿಮೀ, ಹಿಂದೆ 371 ಮಿಮೀ. ಹಿಂಭಾಗ ಜಾಸ್ತಿ ಇಳಿದಿದ್ದರಿಂದ ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತಿತ್ತು. ಗೋಡೆಗೆ ಬೆಳಕು ಬಿಟ್ಟು ಸ್ಕ್ರೂ ತಿರುಗಿಸಿ ಇಳಿಸಿದೆ. ಎತ್ತರ ಬದಲಾದರೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ, ಹಾಗಾಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದಾಯಿತು. ಕುಡಿತಿನಿ ದಾಟಿ ತೋರಣಗಲ್ಲಿನವರೆಗೆ ಓಡಿಸಿದೆ. ಟಕ್ ಸದ್ದು ಇಲ್ಲ. ಲಾರಿ ಪಕ್ಕದಲ್ಲಿ ಹಾದಾಗಿನ ಓಲಾಟವೂ ಕಮ್ಮಿ. ತುಂಬ ಖುಷಿಯಾಯಿತು.

ಬಾಕಿ ಇರುವುದು ಹಿಂದಿನ ಶಾಕಪ್ಸರ್. ಎಡಗಡೆಯದರಲ್ಲಿ ಎಣ್ಣೆ ಜಿನುಗಿದ ಗುರುತಿದೆ. ಎರಡನ್ನೂ ಒಟ್ಟಿಗೆ ಬದಲಿಸಿ, ಐದು ಜನರನ್ನು ಕೂರಿಸಿಕೊಂಡು ನಮ್ಮ ಓಣಿಯ ಹಂಪು ದಾಟಿಸಿ ಮತ್ತೆ ಅಳೆಯುತ್ತೇನೆ.