ಬಂಡೆ ನಮ್ಮ ಸೈಟಿನದು, ಬೋರ್‌ವೆಲ್ ಪಕ್ಕದ ಮನೆಯದು

ಬ್ಲಾಸ್ಟಿಂಗ್ ಆದ ಮಾರನೇ ಬೆಳಗ್ಗೆ ಪಕ್ಕದ ಮನೆಯ ಯಜಮಾನರು ಒಂದು ಬಕೆಟ್ ನೀರು ಹಿಡಿದು ನೇರ ಸೈಟಿಗೆ ಬಂದರು. ನನ್ನ ಮುಂದೆ ಇಟ್ಟು, "ನೀವೇ ಹೇಳಿ ಇಂಜಿನಿಯರೇ, ಇದನ್ನ ಕುಡಿಯೋದಾ?" ಅಂದರು. ನೀರು ಇಟ್ಟಿಗೆ ಬಣ್ಣಕ್ಕಿತ್ತು. ತಳದಲ್ಲಿ ತುಕ್ಕಿನ ಚೂರು, ನುಣ್ಣನೆ ಮರಳು.

ಮನೆ ಪಾಯಕ್ಕೆ ಹಾಸುಬಂಡೆ ಅಡ್ಡ ಬಂದಿತ್ತು. ಬ್ರೇಕರ್ ಹಾಕಿ ಕುಟ್ಟುತ್ತಾ ಕೂತರೆ ವಾರಗಟ್ಟಲೆ ಬೇಕು ಅಂತ ಸಿಡಿಮದ್ದಿಗೆ ಹೋಗಿದ್ದೆವು. ಲೈಸೆನ್ಸ್ ಇರುವ ಬ್ಲಾಸ್ಟರ್, ಅನುಮತಿ ಪತ್ರ, ಕಂಪನ ಅಳೆಯುವ ಯಂತ್ರ, ಎಲ್ಲ ಇತ್ತು. ಅಕ್ಕಪಕ್ಕದ ಗೋಡೆಗಳಲ್ಲಿ ಮೊದಲೇ ಇದ್ದ ಬಿರುಕುಗಳ ಫೋಟೋ ಕೂಡ ತೆಗೆದಿದ್ದೆವು. ಅವರ ಬೋರ್‌ವೆಲ್ ಕಡೆ ಮಾತ್ರ ಒಬ್ಬರೂ ತಿರುಗಿ ನೋಡಿರಲಿಲ್ಲ.

ನಾನು ಯಂತ್ರದ ರೀಡಿಂಗ್ ತೋರಿಸಿದೆ. ಅಮೆರಿಕದ ಬ್ಯೂರೋ ಆಫ್ ಮೈನ್ಸ್ 1980ರ ವರದಿಯಲ್ಲಿ ಮನೆಗಳಿಗೆ ಹೇಳಿದ ಮಿತಿ, 40 ಹರ್ಟ್ಸ್ ಮೇಲಿನ, ಅಂದರೆ ಸೆಕೆಂಡಿಗೆ 40 ಸಲಕ್ಕಿಂತ ಹೆಚ್ಚು ಅದುರುವ ಕಂಪನಕ್ಕೆ, ನೆಲ ಅಲುಗುವ ವೇಗ ಸೆಕೆಂಡಿಗೆ ಸುಮಾರು 50 ಮಿಲಿಮೀಟರ್. ನಮ್ಮದು ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಅವರು ಕಾಗದ ನೋಡಿದರು, ಬಕೆಟ್ ನೋಡಿದರು, ಏನೂ ಮಾತಾಡಲಿಲ್ಲ. ಆ ಮಿತಿ ಗೋಡೆಗೆ ಹಾಕಿದ್ದು, ನೀರಿಗಲ್ಲ ಅನ್ನುವುದು ಆಗ ನನಗೇ ಹೊಳೆದಿರಲಿಲ್ಲ.

ನೀರು ಕೆಂಪಾಗಿದ್ದು ಅಂಥ ದೊಡ್ಡ ವಿಷಯವಲ್ಲ. ನೆಲ ಅದುರಿದಾಗ ಕೇಸಿಂಗ್ ಪೈಪಿನ ತುಕ್ಕು, ಬಂಡೆ ಸೀಳಿನಲ್ಲಿ ಕೂತ ಹೂಳು ಸಡಿಲಾಗಿ ಬರುತ್ತದೆ. ನಾಲ್ಕು ದಿನ ಮೋಟರ್ ಓಡಿಸಿದ ಮೇಲೆ ತಿಳಿಯಾಯಿತು. ಮುಗಿಯಿತಲ್ಲ ಅಂದುಕೊಂಡೆ.

ಎರಡು ತಿಂಗಳ ಮೇಲೆ ಅವರು ಮತ್ತೆ ಬಂದರು. ಈ ಸಲ ಕೈಯಲ್ಲಿ ಬಕೆಟ್ ಇರಲಿಲ್ಲ. ನೀರು ಬಿಟ್ಟು ಬಿಟ್ಟು ಬರುತ್ತಿದೆ, ಗಾಳಿ ಜಾಸ್ತಿ ಅಂದರು. ನಾವು ಬೇಸಿಗೆಯ ಮೇಲೆ ಹಾಕಿದೆವು, ಅವರು ಬ್ಲಾಸ್ಟಿಂಗ್ ಮೇಲೆ ಹಾಕಿದರು. ಮೊದಲು ನೀರು ಎಷ್ಟು ಅಡಿಯಲ್ಲಿತ್ತು? ಅವರ ಹತ್ತಿರವೂ ಲೆಕ್ಕವಿಲ್ಲ, ನಮ್ಮ ಹತ್ತಿರವೂ ಇಲ್ಲ. ಹೀಗಿದ್ದಾಗ ಯಾರ ದನಿ ಜೋರೋ ಅವರದೇ ಸತ್ಯ, ಅಲ್ವಾ?

ಕೊನೆಗೆ ಅಂತರ್ಜಲದ ಕೆಲಸ ಬಲ್ಲ ಹಿರಿಯರೊಬ್ಬರನ್ನು ಕರೆಸಿದೆವು. ಅವರು ಸಿಡಿಸಿದ ಜಾಗವನ್ನು ಒಮ್ಮೆ ನೋಡಿ, ಸೀದಾ ನಮ್ಮ ಸೈಟಿನ ನೆಲಮಾಳಿಗೆಯ ಡ್ರೈನ್ ಪೈಪಿನ ಬಾಯಿಗೆ ಹೋಗಿ ಕೂತರು. "ಇದು ಯಾವಾಗಲೂ ಹೀಗೇ ಹರಿಯುತ್ತಾ?" ಹೌದು ಸಾರ್, ಡ್ರೈನೇಜ್ ಚೆನ್ನಾಗಿ ಕೆಲಸ ಮಾಡ್ತಿದೆ ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. 20 ಲೀಟರ್ ಬಕೆಟ್ ಇಟ್ಟು ವಾಚ್ ನೋಡಿದರು. ಒಂದು ನಿಮಿಷಕ್ಕೆ ತುಂಬಿತು. "ದಿನಕ್ಕೆ ಎಷ್ಟಾಯ್ತು, ನೀವೇ ಲೆಕ್ಕ ಹಾಕಿ." 28,800 ಲೀಟರ್. ಹಗಲು ರಾತ್ರಿ, ಸುಮ್ನೆ ಚರಂಡಿಗೆ.

ಗಟ್ಟಿ ಬಂಡೆಯಲ್ಲಿ ನೀರು ಇರುವುದು ಸೀಳುಗಳಲ್ಲಿ. ಸಿಡಿತದಿಂದ ಹೊಸದಾಗಿ ಆಗುವ ಬಿರುಕು ಸಾಮಾನ್ಯವಾಗಿ ಮದ್ದು ತುಂಬಲು ಕೊರೆದ ಕುಳಿಯ ಸುತ್ತ ಕೆಲವೇ ಮೀಟರ್‌ಗೆ ನಿಲ್ಲುತ್ತದೆ. ದೂರದ ಬೋರ್‌ವೆಲ್ಲನ್ನು ಅದೇ ಹೋಗಿ ಒಡೆಯುವುದು ಅಪರೂಪ. ಆದರೆ ಅಗೆದ ಗುಂಡಿಗೆ ನೀರಿನ ಸೀಳೊಂದು ಸಿಕ್ಕಿಬಿಟ್ಟರೆ, ಆ ಸೀಳಿಗೆ ಸೇರಿಕೊಂಡ ನೀರೆಲ್ಲ ತಗ್ಗು ಹುಡುಕಿಕೊಂಡು ಅಲ್ಲಿಗೇ ಬರುತ್ತದೆ. ಮೊದಲು ಪೆಟ್ಟು ಬೀಳುವುದು ಆಳ ಕಡಿಮೆ ಇರುವ ಬಾವಿಗಳಿಗೆ. ಢಂ ಅಂದ ಸದ್ದು ಎಲ್ಲರಿಗೂ ನೆನಪಿರುತ್ತದೆ. ಸದ್ದಿಲ್ಲದೆ ಹರಿಯುವ ಪೈಪನ್ನು ಯಾರು ಅನುಮಾನಿಸುತ್ತಾರೆ?

ಒರತೆ ಬರುತ್ತಿದ್ದ ಸೀಳಿಗೆ ಸಿಮೆಂಟ್ ಗ್ರೌಟ್, ಅಂದರೆ ತೆಳುವಾಗಿ ಕಲಸಿದ ಸಿಮೆಂಟ್, ತುಂಬಿಸಿದೆವು, ಡ್ರೈನ್ ಎತ್ತರಿಸಿದೆವು, ನೆಲಮಾಳಿಗೆಗೆ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಿದೆವು. ಹರಿವು ತುಂಬಾ ಕಡಿಮೆಯಾಯಿತು. ಬೋರ್‌ವೆಲ್ ಮೊದಲಿನಂತಾಯಿತಾ ಅಂದರೆ, ಮೊದಲು ಹೇಗಿತ್ತು ಅಂತ ಅಳೆದವರು ಯಾರು?

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕಾಡಿತು. ಕುಳಿಗೆ ಮದ್ದು ತುಂಬುವಾಗ ಬಿಳಿ ಕಾಳು ಸುತ್ತಲೂ ಚೆಲ್ಲಿತ್ತು. ಹುಡುಗನೊಬ್ಬ ಅದನ್ನು ಕಾಲಲ್ಲಿ ಸರಿಸಿ, "ಏನಾಗಲ್ಲ ಸಾರ್, ಗೊಬ್ಬರ ತಾನೇ" ಅಂದಿದ್ದ. ಅವನು ಹೇಳಿದ್ದು ನಿಜವೇ. ಆನ್‌ಫೋ ಅನ್ನುವ ಈ ಮದ್ದಿನಲ್ಲಿ ಸುಮಾರು 94 ಭಾಗ ಅಮೋನಿಯಂ ನೈಟ್ರೇಟ್, 6 ಭಾಗ ಡೀಸೆಲ್‌ನಂಥ ಎಣ್ಣೆ. ಆದರೆ ಅಮೋನಿಯಂ ನೈಟ್ರೇಟ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಚೆಲ್ಲಿದ್ದು, ಒದ್ದೆ ಕುಳಿಯಲ್ಲಿ ಸಿಡಿಯದೆ ಉಳಿದದ್ದು ಸೀಳಿಗಿಳಿದು ಬಾವಿ ಸೇರಬಹುದು. ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ. ಅದು ಮೀರಿದರೆ ಮೊದಲು ಅಪಾಯ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ, ರಕ್ತ ಆಮ್ಲಜನಕ ಹೊರುವುದೇ ಕಡಿಮೆಯಾಗುತ್ತದೆ. ಯಜಮಾನರ ಬಕೆಟ್ ಕೆಂಪಗಿತ್ತು, ಹಾಗಾಗಿ ಜಗಳಕ್ಕೆ ಬಂದರು. ಇದು ಬಂದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಈಗ ಚೆಲ್ಲಿದ ಮದ್ದನ್ನು ಗುಡಿಸಿ ಎತ್ತಿಸುವ ತನಕ ನಾನು ಕುಳಿ ಬಿಟ್ಟು ಕದಲುವುದಿಲ್ಲ. ಕುಳಿ ಒದ್ದೆ ಇದ್ದರೆ ನೀರು ತಡೆಯುವ ಎಮಲ್ಷನ್ ಮದ್ದೇ ಬೇಕು ಅಂತ ಹಟ ಹಿಡಿಯುತ್ತೇನೆ. ಕೆಲಸ ಶುರುವಾಗುವ ಮೊದಲೇ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ಹೋಗುತ್ತೇನೆ. ಮೋಟರ್ ಕೆಲವು ಗಂಟೆ ನಿಲ್ಲಿಸಿ, ನೀರು ಎಷ್ಟು ಅಡಿಯಲ್ಲಿದೆ ನೋಡಲು ಟೇಪ್ ಇಳಿಸುತ್ತೇವೆ. ಬಕೆಟ್ ಇಟ್ಟು ಇಳುವರಿ ನೋಡುತ್ತೇವೆ. ನೈಟ್ರೇಟ್, ಬ್ಯಾಕ್ಟೀರಿಯಾ, ಕಬ್ಬಿಣ, ಕದಡು ಎಷ್ಟಿದೆ ನೋಡಲು ನೀರನ್ನು ಲ್ಯಾಬಿಗೆ ಕಳಿಸುತ್ತೇವೆ.

ಮೊನ್ನೆ ಒಂದು ಮನೆಯಲ್ಲಿ ಟೇಪ್ ಇಳಿಸಿದಾಗ ನೀರು ಪಂಪಿನ ನೆತ್ತಿ ಮುಟ್ಟುವಷ್ಟೇ ಇತ್ತು. ನಾವಿನ್ನೂ ಒಂದು ಕುಳಿಯನ್ನೂ ಹೊಡೆದಿರಲಿಲ್ಲ. ಮನೆಯ ಅಮ್ಮ ಟೇಪನ್ನೇ ನೋಡುತ್ತಾ ನಿಂತರು. ಅಳತೆ ಚೀಟಿಗೆ ಅವರೂ ಸಹಿ ಹಾಕಿದರು, ನಾನೂ ಹಾಕಿದೆ. ಒಂದು ಪ್ರತಿ ಅವರ ಮೋಟರ್ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇದೆ.